ಮನೆಯ ಅಕ್ವೇರಿಯಂನಲ್ಲಿ ನೀರು ಹಠಾತ್ತನೆ ಕೆಟ್ಟಾಗ ಕೈಗೊಳ್ಳಬೇಕಾದ ಕ್ರಮಗಳು

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಲಂಕಾರಿಕ ಮೀನು ಸಾಕಣೆದಾರರ ಮಾಹಿತಿಗಾಗಿ)

1. ಪೀಠಿಕೆ

ಹಿಂದಿನ ದಿನದವರೆಗೂ ಲವಲವಿಕೆಯಿಂದ ಓಡಾಡಿಕೊಂಡಿದ್ದ ಮೀನುಗಳು ಬೆಳಗಾಗುವಷ್ಟರಲ್ಲಿ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿರುವುದು, ಒಂದರ ಹಿಂದೆ ಒಂದರಂತೆ ಸಾಯುವುದು ಅಕ್ವೇರಿಯಂ ಇರುವ ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. ಇಂತಹ ಸಂದರ್ಭದಲ್ಲಿ ಮೀನಿಗೆ ರೋಗ ಬಂದಿದೆಯೆಂದು ಭಾವಿಸಿ ಔಷಧಿ ಹಾಕುವುದು, ಇಲ್ಲವೇ ಗಾಬರಿಯಿಂದ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುವುದು ರೂಢಿಯಲ್ಲಿದೆ. ಇವೆರಡೂ ಕ್ರಮಗಳಿಂದ ಉಳಿಯಬಹುದಾಗಿದ್ದ ಮೀನುಗಳೂ ಸಾಯುವ ಸಾಧ್ಯತೆ ಇರುತ್ತದೆ.

ಸಾಂಕ್ರಾಮಿಕ ರೋಗವು ಸಾಮಾನ್ಯವಾಗಿ ಹಲವು ದಿನಗಳ ಅವಧಿಯಲ್ಲಿ ಹರಡುತ್ತದೆ. ಕೆಲವೇ ಗಂಟೆಗಳಲ್ಲಿ ಬೇರೆ ಬೇರೆ ಜಾತಿಯ ಮೀನುಗಳು ಒಟ್ಟಿಗೆ ಬಳಲಿದರೆ ಮೊದಲು ಶಂಕಿಸಬೇಕಾದುದು ನೀರನ್ನು. ಆದ್ದರಿಂದ ಸಾಕಣೆದಾರರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ "ಯಾವ ಔಷಧಿ ಹಾಕಬೇಕು?" ಎಂಬುದಲ್ಲ, "ಕಳೆದ 24 ಗಂಟೆಗಳಲ್ಲಿ ಈ ತೊಟ್ಟಿಗೆ ಹೊರಗಿನಿಂದ ಏನು ಸೇರಿದೆ, ಏನು ನಿಂತುಹೋಗಿದೆ?" ಎಂಬುದು. ಈ ಪ್ರಶ್ನೆಗೆ ಮಲೆನಾಡಿನ ಮನೆಗಳಲ್ಲಿ ದೊರೆಯುವ ಉತ್ತರಗಳು ನಗರಗಳ ಉತ್ತರಗಳಿಗಿಂತ ಭಿನ್ನವಾಗಿರುವುದರಿಂದ ಈ ಮಾಹಿತಿಯನ್ನು ಮೂರು ತಾಲ್ಲೂಕುಗಳ ಪರಿಸ್ಥಿತಿಗೆ ಅನುಗುಣವಾಗಿ ನೀಡಲಾಗಿದೆ.

2. ಈ ಭಾಗದ ನೀರಿನ ಸ್ವರೂಪ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ತುಂಗಾ ಮತ್ತು ಭದ್ರಾ ನದಿಗಳ ಜಲಾನಯನ ಪ್ರದೇಶಕ್ಕೆ ಸೇರಿವೆ. ತುಂಗೆಯು ಶೃಂಗೇರಿ ಮತ್ತು ಹರಿಹರಪುರದ ಮೂಲಕವೂ ಭದ್ರೆಯು ಬಾಳೆಹೊನ್ನೂರಿನ ಮೂಲಕವೂ ಹರಿಯುತ್ತವೆ. ನರಸಿಂಹರಾಜಪುರವು ಭದ್ರಾ ಜಲಾಶಯದ ಹಿನ್ನೀರಿನ ಸಮೀಪದಲ್ಲಿದೆ. ಮನೆಗಳಿಗೆ ನೀರು ಮುಖ್ಯವಾಗಿ ಈ ಕೆಳಕಂಡ ಮೂಲಗಳಿಂದ ದೊರೆಯುತ್ತದೆ.

- ಗುಡ್ಡದ ಒರತೆ ಅಥವಾ ಹಳ್ಳದಿಂದ ದಂಬೆ ಇಲ್ಲವೇ ಪೈಪಿನ ಮೂಲಕ ತಾನಾಗಿ ಇಳಿದು ಬರುವ ನೀರು
- ತೆರೆದ ಬಾವಿಯ ನೀರು
- ಕೊಳವೆ ಬಾವಿಯ ನೀರು
- ಗ್ರಾಮ ಪಂಚಾಯಿತಿ ಅಥವಾ ಪಟ್ಟಣ ಪಂಚಾಯಿತಿಯ ನಳದ ನೀರು
- ಮಳೆಗಾಲದಲ್ಲಿ ಮಾಡಿನಿಂದ ಸಂಗ್ರಹಿಸಿದ ನೀರು

ಅಧಿಕ ಮಳೆಯಿಂದ ತೊಳೆದುಹೋದ ಮಣ್ಣಿನ ಮೂಲಕ ಬರುವ ಒರತೆ, ಹಳ್ಳ ಹಾಗೂ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು ನೀರಾಗಿರುತ್ತದೆ. ಅಂದರೆ ಅದರಲ್ಲಿ ಸುಣ್ಣದ ಅಂಶವೂ ಕ್ಷಾರತೆಯೂ ಕಡಿಮೆ. ಮಳೆನೀರಿನಲ್ಲಿ ಇವು ಬಹುತೇಕ ಇರುವುದೇ ಇಲ್ಲ. ಇಂತಹ ನೀರು ಕುಡಿಯಲು, ಬಟ್ಟೆ ಒಗೆಯಲು ಹಿತಕರ. ಟೆಟ್ರಾ, ಗೌರಾಮಿ ಮುಂತಾದ ಮೀನುಗಳಿಗೂ ಒಗ್ಗುತ್ತದೆ. ಆದರೆ ಅಕ್ವೇರಿಯಂನ ದೃಷ್ಟಿಯಿಂದ ಇದಕ್ಕೆ ಎರಡು ದೌರ್ಬಲ್ಯಗಳಿವೆ. ಮೊದಲನೆಯದಾಗಿ, ಇದರ ರಸಸಾರ (ಪಿಎಚ್) ಬೇಗನೆ ಏರುಪೇರಾಗುತ್ತದೆ. ಎರಡನೆಯದಾಗಿ, ತಾಮ್ರದಂತಹ ಲೋಹಗಳ ವಿಷವು ಗಡಸು ನೀರಿಗಿಂತ ಮೆದು ನೀರಿನಲ್ಲಿ ಮೀನುಗಳಿಗೆ ಹೆಚ್ಚು ತೀವ್ರವಾಗಿ ತಗಲುತ್ತದೆ.

3. ಲಕ್ಷಣಗಳಿಂದ ಕಾರಣವನ್ನು ಊಹಿಸುವ ಬಗೆ

ಪರೀಕ್ಷಾ ಸಾಮಗ್ರಿ ಇಲ್ಲದ ಮನೆಗಳಲ್ಲಿಯೂ ಮೀನುಗಳ ನಡವಳಿಕೆಯನ್ನು ಗಮನಿಸಿ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು.

- ಬೆಳಗಿನ ಜಾವ ಎಲ್ಲ ಮೀನುಗಳೂ ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿದ್ದು, ದೊಡ್ಡ ಮೀನುಗಳು ಮೊದಲು ಸತ್ತಿದ್ದರೆ: ಆಮ್ಲಜನಕದ ಕೊರತೆ. ಫೈಟರ್ ಮತ್ತು ಗೌರಾಮಿ ಮೀನುಗಳು ಮೇಲಿನ ಗಾಳಿಯನ್ನೇ ಉಸಿರಾಡಬಲ್ಲವಾದ್ದರಿಂದ ಅವು ಮಾತ್ರ ಆರೋಗ್ಯವಾಗಿದ್ದರೆ ಈ ಊಹೆ ಇನ್ನಷ್ಟು ದೃಢವಾಗುತ್ತದೆ.
- ನೀರು ಬದಲಿಸಿದ ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಮೀನುಗಳು ದಿಕ್ಕುತಪ್ಪಿ ಓಡಿ, ಕಿವಿರು ಬಿಳಿಚಿಕೊಂಡರೆ: ಕ್ಲೋರಿನ್, ಅಥವಾ ರಸಸಾರದ ಹಠಾತ್ ಬದಲಾವಣೆ.
- ಬಸವನಹುಳು ಹಾಗೂ ಸೀಗಡಿಗಳು ಮೀನುಗಳಿಗಿಂತ ಮೊದಲು ಸತ್ತಿದ್ದರೆ: ತಾಮ್ರ ಅಥವಾ ಕೀಟನಾಶಕ.
- ಕಿವಿರು ಕಂದು ಬಣ್ಣಕ್ಕೆ ತಿರುಗಿ, ಗಾಳಿಯ ಪಂಪು ನಡೆಯುತ್ತಿದ್ದರೂ ಮೀನುಗಳು ಏದುಸಿರು ಬಿಡುತ್ತಿದ್ದರೆ: ನೈಟ್ರೈಟ್.
- ಕಿವಿರು ಕೆಂಪಾಗಿ, ಮೀನುಗಳು ತಳದಲ್ಲಿ ಮಂಕಾಗಿ ಕುಳಿತು, ಆಹಾರ ಮುಟ್ಟದಿದ್ದರೆ: ಅಮೋನಿಯಾ.
- ನೀರು ಹಾಲಿನಂತೆ ಮಬ್ಬಾಗಿ ವಾಸನೆ ಬರುತ್ತಿದ್ದರೆ: ಕೊಳೆತ ಆಹಾರ ಅಥವಾ ಕಣ್ಣಿಗೆ ಬೀಳದೆ ಸತ್ತ ಮೀನಿನಿಂದ ಉಂಟಾದ ಬ್ಯಾಕ್ಟೀರಿಯಾಗಳ ವೃದ್ಧಿ.

4. ಮೊದಲ ಒಂದು ಗಂಟೆಯಲ್ಲಿ ಕೈಗೊಳ್ಳಬೇಕಾದ ಕ್ರಮ

(ಅ) ಆಹಾರ ಹಾಕುವುದನ್ನು ನಿಲ್ಲಿಸಬೇಕು. ಆರೋಗ್ಯವಂತ ದೊಡ್ಡ ಮೀನುಗಳು ಎರಡು ಮೂರು ದಿನ ಆಹಾರವಿಲ್ಲದೆ ಇರಬಲ್ಲವು.

(ಆ) ಗಾಳಿಯ ಪೂರೈಕೆಯನ್ನು ಹೆಚ್ಚಿಸಬೇಕು. ವಿದ್ಯುತ್ ಇಲ್ಲದಿದ್ದಲ್ಲಿ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಒಂದು ಅಡಿ ಮೇಲಿನಿಂದ ಮತ್ತೆ ತೊಟ್ಟಿಗೆ ಸುರಿಯುತ್ತಿರಬೇಕು. ಹತ್ತು ನಿಮಿಷ ಹೀಗೆ ಮಾಡಿ, ಅರ್ಧ ಗಂಟೆ ಬಿಟ್ಟು ಪುನರಾವರ್ತಿಸಬೇಕು.

(ಇ) ಸತ್ತ ಮೀನು, ಕೊಳೆತ ಎಲೆ ಹಾಗೂ ಉಳಿದ ಆಹಾರವನ್ನು ತೆಗೆಯಬೇಕು.

(ಈ) ಯಾವುದೇ ಬದಲಾವಣೆ ಮಾಡುವ ಮುನ್ನ ತೊಟ್ಟಿಯ ನೀರನ್ನು ಸ್ವಚ್ಛವಾದ ಬಾಟಲಿಯಲ್ಲಿ ಒಂದು ಲೀಟರ್ ತುಂಬಿ ತೆಗೆದಿಡಬೇಕು. ನೀರು ಬದಲಿಸಿದ ನಂತರ ಕಾರಣ ಪತ್ತೆಹಚ್ಚಲು ಈ ಬಾಟಲಿಯೊಂದೇ ಆಧಾರ.

(ಉ) ನಂತರ, ಕಳೆದ 24 ಗಂಟೆಗಳಲ್ಲಿ ನಡೆದುದನ್ನು ಆಧರಿಸಿ ಎರಡರಲ್ಲಿ ಒಂದು ದಾರಿಯನ್ನು ಅನುಸರಿಸಬೇಕು.

ಮೊದಲ ದಾರಿ: ಹೊಸ ನೀರು, ಸಿಂಪಡಣೆ, ಬಣ್ಣ, ಫಿನಾಯಿಲ್ ಮುಂತಾದ ಏನಾದರೂ ಹೊರಗಿನಿಂದ ಸೇರಿದ ಶಂಕೆ ಇದ್ದಲ್ಲಿ, ಅದು ಸೇರಿರಲಾರದ ಬೇರೆ ಮೂಲದ ನೀರನ್ನು ತಂದು ಅರ್ಧದಷ್ಟು ನೀರನ್ನು ನಿಧಾನವಾಗಿ ಬದಲಿಸಬೇಕು. ಸಾಧ್ಯವಿದ್ದಲ್ಲಿ ಮೀನುಗಳನ್ನು ಸ್ವಚ್ಛ ಬಕೆಟ್ಟಿಗೆ ವರ್ಗಾಯಿಸಬೇಕು. ಶೋಧಕದಲ್ಲಿ ಹೊಸ ಸಕ್ರಿಯ ಇದ್ದಿಲನ್ನು ಇಡುವುದು ಉಪಯುಕ್ತ.

ಎರಡನೆಯ ದಾರಿ: ಹೊರಗಿನಿಂದ ಏನೂ ಸೇರಿಲ್ಲ, ಆದರೆ ವಾರಗಟ್ಟಲೆ ನೀರು ಬದಲಿಸಿಲ್ಲ ಎಂದಾದಲ್ಲಿ, ಒಮ್ಮೆಗೆ ಹತ್ತನೇ ಒಂದು ಭಾಗದಷ್ಟು ನೀರನ್ನು ಮಾತ್ರ, ನಿತ್ಯ ಬಳಸುವ ಮೂಲದಿಂದಲೇ ತಂದು ಬದಲಿಸಬೇಕು. ಕೆಲವು ಗಂಟೆಗಳ ಅಂತರದಲ್ಲಿ ಇದನ್ನು ಪುನರಾವರ್ತಿಸಬೇಕು. ಇದರ ಕಾರಣವನ್ನು 5.2ರಲ್ಲಿ ವಿವರಿಸಲಾಗಿದೆ.

5. ಹಠಾತ್ ತೊಂದರೆಗೆ ಕಾರಣಗಳು ಮತ್ತು ಪರಿಹಾರ

5.1 ಹೊಸ ತೊಟ್ಟಿಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್

ಮೀನಿನ ಕಿವಿರು ಹಾಗೂ ಮಲದಿಂದ ಅಮೋನಿಯಾ ನೀರಿಗೆ ಸೇರುತ್ತದೆ. ಶೋಧಕದ ಸ್ಪಂಜು ಮತ್ತು ಜಲ್ಲಿಯ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ನಂತರ ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮಲೆನಾಡಿನ ಚಳಿಗಾಲದಲ್ಲಿ ಇನ್ನೂ ಹೆಚ್ಚು ಅವಧಿ ಹಿಡಿಯಬಹುದು. ಜಾತ್ರೆ ಅಥವಾ ಪೇಟೆಯಿಂದ ತೊಟ್ಟಿ ಮತ್ತು ಮೀನುಗಳನ್ನು ಒಂದೇ ದಿನ ತಂದು ತುಂಬಿಸಿದ ಮನೆಗಳಲ್ಲಿ ಮೊದಲ ತಿಂಗಳಲ್ಲೇ ಮೀನುಗಳು ಸಾಯಲು ಇದೇ ಮುಖ್ಯ ಕಾರಣ.

ಪರಿಹಾರ: ಪ್ರತಿದಿನ ನಾಲ್ಕನೇ ಒಂದು ಭಾಗದಷ್ಟು ನೀರನ್ನು ಬದಲಿಸಬೇಕು. ನೈಟ್ರೈಟ್ ಶಂಕೆ ಇದ್ದಲ್ಲಿ ಲೀಟರಿಗೆ ಅರ್ಧ ಗ್ರಾಂನಂತೆ ಅಡುಗೆ ಉಪ್ಪನ್ನು ಕರಗಿಸಿ ಹಾಕಬೇಕು. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟ್ ಮೀನಿನ ರಕ್ತವನ್ನು ಸೇರುವುದನ್ನು ತಡೆಯುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಸಾಮಾನ್ಯ ತೊಟ್ಟಿಯಲ್ಲಿ ಜಲ್ಲಿ ಕಳೆದು ಸುಮಾರು 50 ಲೀಟರ್ ನೀರು ಇರುತ್ತದೆ. ಅದಕ್ಕೆ 25 ಗ್ರಾಂ ಉಪ್ಪು ಸಾಕು.

5.2 ಹಳೆಯ ತೊಟ್ಟಿಯಲ್ಲಿ ಹುಳಿಯಾದ ನೀರು

ಮೆದು ನೀರಿನ ಪ್ರದೇಶದಲ್ಲಿ ವಿಶೇಷ ಎಚ್ಚರಿಕೆ ಬೇಕಾದ ವಿಷಯವಿದು. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಪರಿವರ್ತಿಸುವಾಗ ನೀರಿನ ಕ್ಷಾರತೆ ಖರ್ಚಾಗುತ್ತದೆ. ಮೆದು ನೀರಿನಲ್ಲಿ ಅದು ಮೊದಲೇ ಕಡಿಮೆ ಇರುವುದರಿಂದ ಕೆಲವು ವಾರಗಳಲ್ಲಿ ಮುಗಿದು, ರಸಸಾರವು 6ಕ್ಕೆ ಅಥವಾ ಅದಕ್ಕೂ ಕೆಳಗೆ ಕುಸಿಯುತ್ತದೆ. ಆಗ ಬ್ಯಾಕ್ಟೀರಿಯಾಗಳ ಕೆಲಸ ಕುಂಠಿತಗೊಂಡು ಅಮೋನಿಯಾ ಸಂಗ್ರಹವಾಗುತ್ತದೆ. ಹುಳಿ ನೀರಿನಲ್ಲಿ ಅದು ಬಹುತೇಕ ಅಮೋನಿಯಂ ರೂಪದಲ್ಲಿದ್ದು ಹೆಚ್ಚು ಹಾನಿ ಮಾಡದ ಕಾರಣ ಮೀನುಗಳು ಹೇಗೋ ಬದುಕಿರುತ್ತವೆ.

ಈ ಸ್ಥಿತಿಯಲ್ಲಿ ರಸಸಾರ 8ರಷ್ಟಿರುವ ಕೊಳವೆ ಬಾವಿಯ ನೀರನ್ನು ತಂದು ಅರ್ಧಕ್ಕರ್ಧ ಬದಲಿಸಿದರೆ ಅಮೋನಿಯಂ ತಕ್ಷಣವೇ ವಿಷಕಾರಿ ಅಮೋನಿಯಾ ಆಗಿ ಮಾರ್ಪಡುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಒಟ್ಟು ಅಮೋನಿಯಾದ ಪೈಕಿ ವಿಷಕಾರಿ ರೂಪದ ಪಾಲು ರಸಸಾರ 6ರಲ್ಲಿ ಶೇಕಡ 0.06ರಷ್ಟು, 7ರಲ್ಲಿ ಶೇಕಡ 0.6ರಷ್ಟು ಹಾಗೂ 8ರಲ್ಲಿ ಶೇಕಡ 5ಕ್ಕೂ ಹೆಚ್ಚು. ಅಂದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಇರುವ ತೊಟ್ಟಿಯಲ್ಲಿ ರಸಸಾರ 6 ಇದ್ದಾಗ ವಿಷದ ಪ್ರಮಾಣ ಕೇವಲ 0.001 ಮಿಲಿಗ್ರಾಂ. ಅರ್ಧದಷ್ಟು ನೀರು ಬದಲಿಸಿ ಒಟ್ಟು ಪ್ರಮಾಣವನ್ನು 1 ಮಿಲಿಗ್ರಾಂಗೆ ಇಳಿಸಿದರೂ, ರಸಸಾರ 8ರ ಹತ್ತಿರಕ್ಕೆ ಏರಿದಲ್ಲಿ ವಿಷದ ಪ್ರಮಾಣ 0.05 ಮಿಲಿಗ್ರಾಂ ಆಗುತ್ತದೆ. ಒಳಿತಿಗೆಂದು ಮಾಡಿದ ಸ್ವಚ್ಛತೆಯ ಮರುದಿನವೇ ಮೀನುಗಳು ಸಾಯುವುದು ಹೀಗೆ.

ಪರಿಹಾರ: ಪ್ರತಿ ವಾರ ಐದನೇ ಒಂದು ಭಾಗದಷ್ಟು ನೀರನ್ನು ತಪ್ಪದೆ ಬದಲಿಸುವುದೇ ಮುಖ್ಯ ಮುನ್ನೆಚ್ಚರಿಕೆ. ಚೆನ್ನಾಗಿ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಒಂದು ಹಿಡಿಯಷ್ಟು ಬಟ್ಟೆಯ ಚೀಲದಲ್ಲಿ ಕಟ್ಟಿ ಶೋಧಕದ ಬಳಿ ಇಟ್ಟರೆ ಕ್ಷಾರತೆ ನಿಧಾನವಾಗಿ ಒದಗುತ್ತದೆ. 50 ಲೀಟರ್ ನೀರಿಗೆ 1 ಗ್ರಾಂ ಅಡುಗೆ ಸೋಡ ಹಾಕಿದರೆ ಕ್ಷಾರತೆ ಲೀಟರಿಗೆ ಸುಮಾರು 12 ಮಿಲಿಗ್ರಾಂ ಹೆಚ್ಚುತ್ತದೆ. ಆದರೆ ಈಗಾಗಲೇ ಅಮೋನಿಯಾ ಸಂಗ್ರಹವಾಗಿರುವ ತೊಟ್ಟಿಗೆ ಸೋಡ ಹಾಕಬಾರದು.

5.3 ಕ್ಲೋರಿನ್

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಸೋಂಕು ನಿವಾರಣೆ ಮಾಡಿದ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಮನುಷ್ಯರ ಆರೋಗ್ಯಕ್ಕೆ ಅಗತ್ಯವಾದ ಈ ಪ್ರಮಾಣವೇ ಮೀನಿನ ಕಿವಿರಿಗೆ ಹಾನಿಕರ. ಮಳೆಗಾಲದಲ್ಲಿ ತೆರೆದ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವುದು ರೂಢಿ. 1000 ಲೀಟರ್ ನೀರಿಗೆ 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಹಾಕಿದಾಗ ಲೀಟರಿಗೆ ಸುಮಾರು 0.7 ಮಿಲಿಗ್ರಾಂ ಕ್ಲೋರಿನ್ ಬೀಳುತ್ತದೆ. ಬಾವಿಗೆ ಪುಡಿ ಹಾಕಿದ ದಿನ ಅಥವಾ ನಳದ ನೀರಿನಲ್ಲಿ ವಾಸನೆ ಬಲವಾಗಿರುವ ದಿನ ತೊಟ್ಟಿಯ ನೀರನ್ನು ಬದಲಿಸಬಾರದು.

ಪರಿಹಾರ: ನೀರನ್ನು ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟು, ಗಾಳಿಯ ಪಂಪು ಹಾಕಿ 24 ಗಂಟೆ ಬಿಟ್ಟು ಬಳಸಬೇಕು. ತುರ್ತು ಸಂದರ್ಭದಲ್ಲಿ ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಆಂಟಿ ಕ್ಲೋರಿನ್ (ಸೋಡಿಯಂ ಥಯೋಸಲ್ಫೇಟ್) ಬಳಸಬಹುದು. 1 ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಲಿಗ್ರಾಂ ಥಯೋಸಲ್ಫೇಟ್ ಸಾಕಾಗುತ್ತದೆ.

5.4 ಬೋರ್ಡೋ ದ್ರಾವಣ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನಲ್ಲಿ ಪ್ರಚುರಪಡಿಸಿದರು. ಇಂದಿಗೂ ಮುಂಗಾರಿನ ಆರಂಭದಲ್ಲಿ ಒಮ್ಮೆ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಶೇಕಡ 1ರ ದ್ರಾವಣವನ್ನು ತೋಟಗಳಲ್ಲಿ ಸಿಂಪಡಿಸಲಾಗುತ್ತದೆ. 1 ಕಿಲೋಗ್ರಾಂ ಮೈಲುತುತ್ತ ಮತ್ತು 1 ಕಿಲೋಗ್ರಾಂ ಸುಣ್ಣವನ್ನು 100 ಲೀಟರ್ ನೀರಿನಲ್ಲಿ ಸೇರಿಸಿ ಇದನ್ನು ತಯಾರಿಸಲಾಗುತ್ತದೆ. ಬೆಳೆಗೆ ಇದು ರಕ್ಷಣೆ. ಮೀನು, ಸೀಗಡಿ ಹಾಗೂ ಬಸವನಹುಳುಗಳಿಗೆ ವಿಷ.

ಮೈಲುತುತ್ತದ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ತಾಮ್ರ. ಆದ್ದರಿಂದ ಶೇಕಡ 1ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಸುಮಾರು 2.5 ಮಿಲಿಗ್ರಾಂ ತಾಮ್ರವಿರುತ್ತದೆ. ಕೇವಲ 2 ಮಿಲಿಲೀಟರ್, ಅಂದರೆ ಅರ್ಧ ಚಮಚಕ್ಕೂ ಕಡಿಮೆ ದ್ರಾವಣ, 50 ಲೀಟರಿನ ತೊಟ್ಟಿಗೆ ಬಿದ್ದರೆ ತಾಮ್ರದ ಪ್ರಮಾಣ ಲೀಟರಿಗೆ 0.1 ಮಿಲಿಗ್ರಾಂ ಆಗುತ್ತದೆ. ಮೆದು ಹಾಗೂ ಹುಳಿ ನೀರಿನಲ್ಲಿ ಇದರ ಪೈಕಿ ಕರಗುವ ಭಾಗವು ಸೂಕ್ಷ್ಮ ಜಾತಿಯ ಮೀನುಗಳನ್ನು ಕೊಲ್ಲಬಲ್ಲದು. ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ಕರಗಿದ ತಾಮ್ರ ಇನ್ನೂ ಹೆಚ್ಚು. ಹೊಳಪುಳ್ಳ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕಂಡುಬಂದರೆ ಸುಣ್ಣ ಸಾಲದೆಂದು ತಿಳಿಯಬೇಕು.

ದ್ರಾವಣವು ತೊಟ್ಟಿಯನ್ನು ಸೇರುವ ದಾರಿಗಳು: ಸಿಂಪಡಣೆಗೆ ಬಳಸಿದ ಡ್ರಮ್ಮು, ಬಕೆಟ್ ಅಥವಾ ಪೈಪನ್ನು ಅಕ್ವೇರಿಯಂನ ನೀರಿಗೂ ಬಳಸುವುದು, ಗಾಳಿಯಲ್ಲಿ ತೇಲಿ ಬಂದ ತುಂತುರು ಮಾಡಿನ ಮೇಲೆ ಬಿದ್ದು ಮೊದಲ ಮಳೆಯ ನೀರಿನೊಂದಿಗೆ ಇಳಿಯುವುದು, ಮೇಲಿನ ತೋಟದಿಂದ ತೊಳೆದುಬಂದ ನೀರು ದಂಬೆಯ ಹಳ್ಳವನ್ನು ಸೇರುವುದು, ದ್ರಾವಣ ಕಲಸಿದ ಕೈಯನ್ನು ತೊಳೆಯದೆ ತೊಟ್ಟಿಗೆ ಹಾಕುವುದು.

ಪರಿಹಾರ: ಸಿಂಪಡಣೆಗೆ ಒಂದು ವಾರ ಮುಂಚಿತವಾಗಿ ಅಕ್ವೇರಿಯಂನ ನೀರನ್ನು ಬದಲಿಸಿ, ಮುಂದಿನ ಬಾರಿಗೆ ಬೇಕಾಗುವ ನೀರನ್ನು ಮುಚ್ಚಿದ ಪಾತ್ರೆಯಲ್ಲಿ ಸಂಗ್ರಹಿಸಿಡಬೇಕು. ಸಿಂಪಡಣೆ ನಡೆಯುವ ದಿನ ತೊಟ್ಟಿಯನ್ನು ಮುಚ್ಚಿಡಬೇಕು. ಅಕ್ವೇರಿಯಂಗೆ ಪ್ರತ್ಯೇಕ ಬಕೆಟ್ ಮತ್ತು ಪೈಪು ಇಟ್ಟುಕೊಳ್ಳಬೇಕು. ದ್ರಾವಣ ಕಲಸುವ ಹಾಗೂ ಡ್ರಮ್ಮು ತೊಳೆಯುವ ಕೆಲಸವನ್ನು ಬಾವಿ, ಹಳ್ಳ ಮತ್ತು ಕೆರೆಯಿಂದ ದೂರದಲ್ಲಿ ಮಾಡತಕ್ಕದ್ದು.

5.5 ವಿದ್ಯುತ್ ನಿಲುಗಡೆ

ಮಳೆಗಾಲದಲ್ಲಿ ಮರ ಬಿದ್ದು ಕೆಲವೊಮ್ಮೆ ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ. ಗಾಳಿಯ ಪಂಪು ನಿಂತಾಗ ಮೀನುಗಳು ಹೆಚ್ಚಿರುವ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಸಿಯುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿರುವುದು ಉತ್ತಮ; 3ಕ್ಕಿಂತ ಕಡಿಮೆಯಾದರೆ ಮೀನುಗಳು ಬಳಲುತ್ತವೆ. ಬ್ಯಾಟರಿ ಚಾಲಿತ ಗಾಳಿಯ ಪಂಪನ್ನು ಜೂನ್‌ಗೆ ಮುನ್ನ ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ.

ವಿದ್ಯುತ್ ಮರಳಿದಾಗಲೂ ಎಚ್ಚರ ಅಗತ್ಯ. ಮುಚ್ಚಿದ ಡಬ್ಬಿಯಂತಹ ಶೋಧಕವು ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ಬ್ಯಾಕ್ಟೀರಿಯಾಗಳು ಸತ್ತು ನೀರು ಕೊಳೆತಿರುತ್ತದೆ. ಅದನ್ನು ಹಾಗೆಯೇ ಚಾಲೂ ಮಾಡದೆ, ಒಳಗಿನ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ನಂತರ ಜೋಡಿಸಬೇಕು.

5.6 ಕಾಫಿ ಪಲ್ಪಿಂಗ್ ನೀರು

ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಪ್ರಾಯೋಗಿಕ ಕೇಂದ್ರ ಸ್ಥಾಪನೆಯಾದ ಈ ಪ್ರದೇಶದಲ್ಲಿ ಕಾಫಿ ಪ್ರಮುಖ ಬೆಳೆ. ಕೊಯ್ಲಿನ ತಿಂಗಳುಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು ಹುಳಿಯಾಗಿದ್ದು, ಸಕ್ಕರೆ ಮತ್ತು ಲೋಳೆಯ ಅಂಶಗಳಿಂದ ಕೂಡಿರುತ್ತದೆ. ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟಲ್ಲಿ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಳ್ಳದ ನೀರಿನಲ್ಲಿ ಕಂದು ಬಣ್ಣ, ನೊರೆ ಅಥವಾ ಹುಳಿ ವಾಸನೆ ಕಂಡುಬಂದರೆ ಅದನ್ನು ಅಕ್ವೇರಿಯಂಗಾಗಲೀ ಮನೆ ಬಳಕೆಗಾಗಲೀ ಉಪಯೋಗಿಸಬಾರದು.

5.7 ಇತರ ಕಾರಣಗಳು

- ಹೊಸ ಸಿಮೆಂಟ್ ತೊಟ್ಟಿ: ಸುಣ್ಣ ಬಿಡುವುದರಿಂದ ರಸಸಾರ 10ಕ್ಕೂ ಮೇಲೇರಬಹುದು. ಎರಡು ಮೂರು ವಾರ ನೀರು ತುಂಬಿ ಚೆಲ್ಲಿದ ನಂತರವೇ ಮೀನು ಬಿಡಬೇಕು.
- ಸೊಳ್ಳೆ ನಿವಾರಕ ಮತ್ತು ಜಿರಳೆ ಸ್ಪ್ರೇ: ಇವುಗಳಲ್ಲಿರುವ ಪೈರೆಥ್ರಾಯ್ಡ್ ವರ್ಗದ ಕೀಟನಾಶಕಗಳು ಮೀನಿಗೆ ತೀವ್ರ ವಿಷ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ ಎಂಬುದನ್ನು ಮರೆಯಬಾರದು.
- ಕೊಳವೆ ಬಾವಿಯ ನೀರು: ಆಗತಾನೇ ಮೇಲೆತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಕೆಲವೆಡೆ ಕಬ್ಬಿಣವೂ ಇರುತ್ತದೆ. ಒಂದು ರಾತ್ರಿ ಗಾಳಿಯಾಡಿಸಿ, ಕೆಂಪು ಗಸಿ ಕುಳಿತ ನಂತರ ಮೇಲಿನ ನೀರನ್ನು ಬಳಸಬೇಕು.
- ಚಳಿಗಾಲದ ಬೆಳಗಿನ ನೀರು: ದಂಬೆಯ ತಣ್ಣನೆಯ ನೀರನ್ನು ನೇರವಾಗಿ ಸುರಿಯದೆ, ತೊಟ್ಟಿಯ ಉಷ್ಣಾಂಶಕ್ಕೆ ಬಂದ ನಂತರ ಹಾಕಬೇಕು.

6. ನೀರಿನ ಪರೀಕ್ಷೆ

ಸಿಹಿನೀರಿನ ಸಾಮಾನ್ಯ ಅಕ್ವೇರಿಯಂನಲ್ಲಿ ಇರಬೇಕಾದ ಮಟ್ಟಗಳು:

- ರಸಸಾರ: 6.5ರಿಂದ 8; ಒಂದೇ ದಿನದಲ್ಲಿ ಅರ್ಧ ಅಂಶಕ್ಕಿಂತ ಹೆಚ್ಚು ಬದಲಾಗಬಾರದು
- ಅಮೋನಿಯಾ ಮತ್ತು ನೈಟ್ರೈಟ್: ಪರೀಕ್ಷೆಯಲ್ಲಿ ಶೂನ್ಯ
- ನೈಟ್ರೇಟ್: ಲೀಟರಿಗೆ 40 ಮಿಲಿಗ್ರಾಂಗಿಂತ ಕಡಿಮೆ
- ಕ್ಲೋರಿನ್: ಶೂನ್ಯ
- ಕ್ಷಾರತೆ: ಲೀಟರಿಗೆ 50 ಮಿಲಿಗ್ರಾಂಗಿಂತ ಹೆಚ್ಚಿದ್ದಲ್ಲಿ ರಸಸಾರ ಸ್ಥಿರವಾಗಿರುತ್ತದೆ

ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ಪಟ್ಟಿ ಅಥವಾ ಹನಿ ದ್ರಾವಣಗಳಿಂದ ಇವನ್ನು ಮನೆಯಲ್ಲಿಯೇ ನೋಡಬಹುದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ಒದಗಿಸಲಾದ ಕ್ಷೇತ್ರ ಪರೀಕ್ಷಾ ಕಿಟ್‌ಗಳಿಂದ ಕುಡಿಯುವ ನೀರಿನ ರಸಸಾರ, ಗಡಸುತನ, ಕ್ಷಾರತೆ, ಉಳಿಕೆ ಕ್ಲೋರಿನ್, ನೈಟ್ರೇಟ್, ಕಬ್ಬಿಣ ಮುಂತಾದವುಗಳನ್ನು ತಿಳಿಯಬಹುದು. ಈ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು. ತಾಮ್ರ ಮತ್ತು ಕೀಟನಾಶಕಗಳ ಪರೀಕ್ಷೆಗೆ ಪ್ರಯೋಗಾಲಯವೇ ಬೇಕು.

7. ಮಾದರಿ ಸಂಗ್ರಹ ಮತ್ತು ಅರ್ಜಿ ಸಲ್ಲಿಸುವ ವಿಧಾನ

ಮೀನುಗಳ ಸಾವಿನ ಕುರಿತು ಸಲಹೆ ಬಯಸುವವರು ತಾಲ್ಲೂಕಿಗೆ ಸಂಬಂಧಿಸಿದ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಅಥವಾ ಚಿಕ್ಕಮಗಳೂರಿನ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದು. ಕುಡಿಯುವ ನೀರಿನ ಮೂಲದ ಬಗ್ಗೆ ಶಂಕೆ ಇದ್ದಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಕೋರಬಹುದು. ಮಾದರಿ ಒಯ್ಯುವ ಮುನ್ನ ಯಾವ ಪರೀಕ್ಷೆಗಳು ಲಭ್ಯವಿವೆ, ಶುಲ್ಕವೆಷ್ಟು ಎಂಬುದನ್ನು ದೂರವಾಣಿ ಮೂಲಕ ಕೇಳಿ ತಿಳಿಯುವುದು ಸೂಕ್ತ. ಅರ್ಜಿಯನ್ನು ಸರಳವಾಗಿ ಕನ್ನಡದಲ್ಲಿ ಬರೆದು ಈ ಕೆಳಕಂಡ ವಿವರಗಳನ್ನು ನಮೂದಿಸಬೇಕು.

- ಅರ್ಜಿದಾರರ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು
- ತೊಟ್ಟಿಯ ಅಳತೆ, ಸ್ಥಾಪಿಸಿದ ತಿಂಗಳು, ಮೀನುಗಳ ಜಾತಿ ಮತ್ತು ಸಂಖ್ಯೆ
- ನೀರಿನ ಮೂಲ ಮತ್ತು ಕೊನೆಯ ಬಾರಿ ನೀರು ಬದಲಿಸಿದ ದಿನಾಂಕ
- ಮೊದಲ ಲಕ್ಷಣ ಕಂಡ ದಿನ, ಸಮಯ ಹಾಗೂ ಸತ್ತ ಮೀನುಗಳ ಸಂಖ್ಯೆ
- ಸಮೀಪದಲ್ಲಿ ನಡೆದ ಸಿಂಪಡಣೆ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದು, ವಿದ್ಯುತ್ ನಿಲುಗಡೆ ಮುಂತಾದ ಘಟನೆಗಳು
- ಈಗಾಗಲೇ ಹಾಕಿದ ಔಷಧಿ ಅಥವಾ ಉಪ್ಪಿನ ವಿವರ

ಎರಡು ಮಾದರಿಗಳು ಅಗತ್ಯ: ಒಂದು ತೊಟ್ಟಿಯ ನೀರು, ಇನ್ನೊಂದು ನೀರಿನ ಮೂಲದ್ದು. ತಲಾ ಒಂದು ಲೀಟರ್ ನೀರನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದ ಬಾಟಲಿಯಲ್ಲಿ ಗಾಳಿಯುಳಿಯದಂತೆ ತುಂಬಿ, ದಿನಾಂಕ, ಸಮಯ ಬರೆದ ಚೀಟಿ ಅಂಟಿಸಿ, ತಂಪಾದ ಸ್ಥಳದಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಕೀಟನಾಶಕದ ಶಂಕೆ ಇದ್ದಲ್ಲಿ ಗಾಜಿನ ಬಾಟಲಿ ಬಳಸಬೇಕು. ಆಗತಾನೇ ಸತ್ತ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಂಜುಗಡ್ಡೆಯ ನಡುವೆ ಇಟ್ಟು ಒಯ್ಯಬೇಕು. ಕೊಳೆತ ಮೀನಿನಿಂದ ಏನೂ ತಿಳಿಯುವುದಿಲ್ಲ.

ಮನೆಯ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕಣೆ ಘಟಕ ಸ್ಥಾಪಿಸಬಯಸುವವರ ಗಮನಕ್ಕೆ: 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಇಂತಹ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇಕಡ 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇಕಡ 60ರ ಸಹಾಯಧನವನ್ನು ನಿಗದಿಪಡಿಸಲಾಗಿತ್ತು. ಅರ್ಜಿ ಸಲ್ಲಿಸುವ ವರ್ಷದಲ್ಲಿ ಚಾಲ್ತಿಯಲ್ಲಿರುವ ಯೋಜನೆ ಮತ್ತು ಷರತ್ತುಗಳನ್ನು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಅದಕ್ಕೂ ಮುನ್ನ ತಮ್ಮ ನೀರಿನ ಮೂಲವನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳುವುದರಿಂದ ಮುಂದಿನ ನಷ್ಟ ತಪ್ಪುತ್ತದೆ.

8. ಋತುಮಾನದ ಮುನ್ನೆಚ್ಚರಿಕೆಗಳು

- ಏಪ್ರಿಲ್, ಮೇ: ಬಿಸಿಲಿನಿಂದ ನೀರು ಕಾದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ಬಾವಿಯ ನೀರು ತಳ ಕಂಡಾಗ ಬೇರೆ ಮೂಲಕ್ಕೆ ಹಠಾತ್ತನೆ ಬದಲಾಯಿಸಬಾರದು. ಸಿಂಪಡಣೆಗೆ ಮುನ್ನ ನೀರು ಸಂಗ್ರಹಿಸಬೇಕು.
- ಜೂನ್‌ನಿಂದ ಸೆಪ್ಟೆಂಬರ್: ಬೋರ್ಡೋ ದ್ರಾವಣ, ಬ್ಲೀಚಿಂಗ್ ಪುಡಿ, ಕೆಂಪು ನೀರು, ವಿದ್ಯುತ್ ನಿಲುಗಡೆ. ಮೀನುಗಳ ಸಂಖ್ಯೆ ಕಡಿಮೆ ಇರಲಿ, ಆಹಾರ ಮಿತವಾಗಿರಲಿ.
- ಅಕ್ಟೋಬರ್, ನವೆಂಬರ್: ಶೋಧಕದ ಸ್ವಚ್ಛತೆ, ಕ್ಷಾರತೆಯ ಪರೀಕ್ಷೆ.
- ಡಿಸೆಂಬರ್‌ನಿಂದ ಮಾರ್ಚ್: ಬೆಳಗಿನ ಚಳಿ, ಪಲ್ಪಿಂಗ್ ನೀರು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೀರು ಸ್ಫಟಿಕದಂತೆ ತಿಳಿಯಾಗಿದೆ. ಆದರೂ ಮೀನು ಸತ್ತಿದ್ದೇಕೆ?
ಉತ್ತರ: ಅಮೋನಿಯಾ, ನೈಟ್ರೈಟ್, ಕ್ಲೋರಿನ್ ಹಾಗೂ ಕರಗಿದ ತಾಮ್ರ ಮೀನಿಗೆ ಅಪಾಯಕಾರಿಯಾದ ಪ್ರಮಾಣದಲ್ಲಿದ್ದರೂ ಕಣ್ಣಿಗೆ ಕಾಣುವುದಿಲ್ಲ. ತಿಳಿಯಾದ ನೀರು ಎಂಬುದು ಸುರಕ್ಷಿತ ನೀರಿನ ಪ್ರಮಾಣವಲ್ಲ.

ಪ್ರಶ್ನೆ: ಸ್ಪಂಜನ್ನು ನಳದ ಕೆಳಗೆ ಉಜ್ಜಿ ತೊಳೆಯಬಹುದೇ?
ಉತ್ತರ: ಕೂಡದು. ಕ್ಲೋರಿನ್ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕು.

ಪ್ರಶ್ನೆ: ಮುನ್ನೆಚ್ಚರಿಕೆಗಾಗಿ ಎಲ್ಲ ಔಷಧಿಗಳನ್ನೂ ಸ್ವಲ್ಪ ಸ್ವಲ್ಪ ಹಾಕಬಹುದೇ?
ಉತ್ತರ: ಹಾಕಬಾರದು. ಅನೇಕ ಮೀನಿನ ಔಷಧಿಗಳಲ್ಲಿ ತಾಮ್ರವಿರುತ್ತದೆ. ಈಗಾಗಲೇ ಬಳಲಿರುವ ಮೀನಿಗೆ ಅದು ಮತ್ತೊಂದು ಹೊರೆ.

ಪ್ರಶ್ನೆ: ಉಳಿದ ಮೀನುಗಳನ್ನಾದರೂ ಬದುಕಿಕೊಳ್ಳಲೆಂದು ಹೊಳೆಗೆ ಬಿಡಬಹುದೇ?
ಉತ್ತರ: ಯಾವ ಕಾರಣಕ್ಕೂ ಬಿಡಬಾರದು. ಶೃಂಗೇರಿಯ ಸ್ನಾನಘಟ್ಟದ ಬಳಿ ಜನರು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿರುವ ಮಹಶೀರ್ ಸೇರಿದಂತೆ ಅನೇಕ ಸ್ಥಳೀಯ ಜಾತಿಗಳಿಗೆ ತುಂಗಾ, ಭದ್ರಾ ನದಿಗಳು ನೆಲೆ. ಅಕ್ವೇರಿಯಂನ ವಿದೇಶಿ ಮೀನುಗಳು, ವಿಶೇಷವಾಗಿ ಗಾಜು ಸ್ವಚ್ಛಗೊಳಿಸಲೆಂದು ಸಾಕುವ ಸಕ್ಕರ್ ಮೀನು, ಹೊಳೆ ಕೆರೆಗಳಲ್ಲಿ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗುತ್ತವೆ. ಸಾಕಲಾಗದ ಮೀನುಗಳನ್ನು ಇನ್ನೊಬ್ಬ ಸಾಕಣೆದಾರರಿಗೆ ಅಥವಾ ಅಂಗಡಿಗೆ ನೀಡಬೇಕು. ಸತ್ತ ಮೀನುಗಳನ್ನು ಮಣ್ಣಿನಲ್ಲಿ ಹೂಳಬೇಕು.

10. ವಿಶೇಷ ಸೂಚನೆ

ಅಕ್ವೇರಿಯಂನ ಮೀನುಗಳು ಕುಡಿಯುವ ನೀರಿನ ಮೂಲವನ್ನೇ ಹಂಚಿಕೊಂಡಿರುತ್ತವೆ. ದಂಬೆ ಅಥವಾ ಬಾವಿಯಿಂದ ತಂದ ನೀರು ಹಾಕಿದೊಡನೆ ಮೀನುಗಳು ಸತ್ತಲ್ಲಿ, ಕಾರಣ ತಿಳಿಯುವವರೆಗೆ ಆ ನೀರನ್ನು ಮನೆಯವರೂ ಜಾನುವಾರುಗಳೂ ಕುಡಿಯಬಾರದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ತಾಮ್ರವಾಗಲೀ ಕೀಟನಾಶಕವಾಗಲೀ ಹೋಗುತ್ತದೆಂದು ನಂಬುವಂತಿಲ್ಲ. ಅದೇ ಮೂಲವನ್ನು ಬಳಸುವ ನೆರೆಮನೆಗಳಿಗೆ ತಿಳಿಸಿ, ಗ್ರಾಮ ಪಂಚಾಯಿತಿ ಅಥವಾ ಪಟ್ಟಣ ಪಂಚಾಯಿತಿಯ ಗಮನಕ್ಕೆ ತರಬೇಕು. ಹಳ್ಳ ಅಥವಾ ಹೊಳೆಗೆ ತ್ಯಾಜ್ಯ ಸೇರಿರುವುದು ಕಂಡುಬಂದಲ್ಲಿ 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮದಡಿ ಕ್ರಮಕ್ಕಾಗಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಸಲ್ಲಿಸಬಹುದು.

ಆದುದರಿಂದ ಸಾರ್ವಜನಿಕರು ತೊಟ್ಟಿಯಲ್ಲಿ ಮೀನು ಬಳಲಿದ ಕೂಡಲೇ ಗಾಳಿಯಾಡಿಸಿ, ಒಂದು ಬಾಟಲಿ ನೀರನ್ನು ತೆಗೆದಿರಿಸಿ, ನೀರು ಬಂದ ದಾರಿಯನ್ನು ವಿಚಾರಿಸಿದ ನಂತರವೇ ಮುಂದಿನ ಕ್ರಮ ಕೈಗೊಳ್ಳುವುದು.